ಹೀರೋ ಎದ್ದಾಗ ನಾವೂ ಎದ್ದೆವು

ಹಿನ್ನೆಲೆಯಲ್ಲಿ ಸುಮ್ಮನೆ ನಡೆದು ಹೋಗುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ನಗಬೇಡಿ. ಮದುವೆಯಾಗಿ ಬಂದಂದಿನಿಂದ ಬಂಟ್ವಾಳ ಪೇಟೆಯಲ್ಲಿ ದಿನಾ ನಡೆದವಳು ನಾನು. ಆದರೆ ಯಾರೋ "ಆ್ಯಕ್ಷನ್" ಎಂದು ಕೂಗಿದ ಕೂಡಲೇ ನನ್ನ ಬಲಗೈ ಬಲಗಾಲಿನ ಜೊತೆಗೇ ಮುಂದೆ ಹೋಗುತ್ತಿತ್ತು. ಮೊದಲ ದಿನ ಕ್ಯಾಮೆರಾಮನ್ ಕ್ಯಾಮೆರಾದಿಂದ ಕಣ್ಣು ತೆಗೆದು, "ಆ ಹಸಿರು ಸೀರೆ ಅಮ್ಮಂಗೆ ಕಾಲು ನೋವಾ?" ಎಂದು ಕೇಳಿದ್ದ. ಹಸಿರು ಸೀರೆಯವಳು ನಾನೇ.

ಈಗ ನಮ್ಮ ಬೀದಿಯ ಹುಡುಗಿಯರು ಸೀರಿಯಲ್ಲಿಗೆ, ಜಾಹೀರಾತಿಗೆ ಹೋಗುತ್ತಾರೆ. ಹೋಗುವ ಮೊದಲು ಬಂದು, "ಆಂಟಿ, ಬ್ಯಾಕ್‌ಗ್ರೌಂಡ್ ಅಂದ್ರೆ ಎಂತ ಮಾಡ್ಲಿಕ್ಕುಂಟು?" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಟಿಪ್ಸ್, ಎರಡು ನಿಮಿಷದಲ್ಲಿ. ನನ್ನ ಹತ್ತಿರ ಇರುವುದು ಎರಡು ನಿಮಿಷದಲ್ಲಿ ಮುಗಿಯುವ ವಿಷಯವಲ್ಲ, ಹಾಗಾಗಿ ಬರೆಯಲು ಕುಳಿತೆ. ಹನ್ನೆರಡು ವರ್ಷ ಆ ಕೆಲಸ ಮಾಡಿದೆ. ನೂರಾರು ಸಲ ಟಿವಿಯಲ್ಲಿ ಬಂದಿದ್ದೇನೆ, ಹೆಚ್ಚಾಗಿ ಬೆನ್ನು.

ನನ್ನ ತವರು ನಾರಾವಿ. ಜೈನರ ಮನೆ, ಹೆಣ್ಣುಮಕ್ಕಳನ್ನು ಓದಿಸಬೇಕೆಂಬ ಹಟ ಅಪ್ಪನಿಗೆ. ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬಿಟ್ಟರು. ಅಲ್ಲಿನ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಪೋಸ್ಚರ್ ಕಲಿಸಿದರು, ಇಂಗ್ಲಿಷ್ ಕಲಿಸಿದರು. ಎಲೊಕ್ಯೂಷನ್ ಎಂಬ ಭಾಷಣ ಸ್ಪರ್ಧೆಯಲ್ಲಿ ಒಂದು ಕಪ್ ಕೂಡ ಬಂದಿತ್ತು. ಆಮೇಲೆ ಮದುವೆ, ಮಕ್ಕಳು, ಮನೆ. ಆ ಇಂಗ್ಲಿಷನ್ನು ಮಾತಾಡಲು ಸುಮಾರು ಮೂವತ್ತು ವರ್ಷ ಒಬ್ಬ ಮನುಷ್ಯನೂ ಸಿಗಲಿಲ್ಲ. ಒಂಟಿಯಾಗಿದ್ದಾಗ ಬೆಕ್ಕಿಗೆ "ಗೆಟ್ ಔಟ್" ಎನ್ನುತ್ತಿದ್ದೆ, ಅಷ್ಟೆ.

ಕೆಲಸ ತಂದುಕೊಟ್ಟವರು ಮೋನು ಬ್ಯಾರಿ, ನಮಗೆಲ್ಲ ಮೋನಾಕ. ಪಾಣೆಮಂಗಳೂರಿನಲ್ಲಿ ಅವರದ್ದು ಶಾಮಿಯಾನದ ಅಂಗಡಿ. ಚಪ್ಪರ, ಕುರ್ಚಿ, ದೊಡ್ಡ ಪಾತ್ರೆ ಎಲ್ಲ ಬಾಡಿಗೆಗೆ ಕೊಡುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಸೀರಿಯಲ್ಲಿನವರು ನಮ್ಮ ಕಡೆಯ ಹಳೆಯ ಮನೆಗಳನ್ನು ಹುಡುಕಿಕೊಂಡು ಬರತೊಡಗಿದರು. ಕುರ್ಚಿ ಬೇಕೆಂದಾಗ ಮೋನಾಕ ಕುರ್ಚಿ ಕೊಟ್ಟರು. ಕೂರುವುದಕ್ಕೆ ಜನ ಬೇಕೆಂದಾಗ ಜನವನ್ನೂ ಕೊಡುತ್ತೇನೆ ಎಂದರು. ಹಾಗೆ ಒಂದು ಬೆಳಗ್ಗೆ ನಮ್ಮ ಗೇಟಿನ ಹೊರಗೆ ನಿಂತು ಕೇಳಿದರು:

"ಅಮ್ಮ, ನಿಮ್ಮ ಹತ್ರ ಒಳ್ಳೆ ರೇಷ್ಮೆಯ ಪಟ್ಟೆ ಸೀರೆ ಉಂಟಲ್ವಾ?"

"ಉಂಟು. ಎಂತಕ್ಕೆ?"

"ಅದನ್ನು ಉಟ್ಕೊಂಡು ಒಂದು ಮದುವೆಗೆ ಬರ್ಬೇಕು."

"ಯಾರ ಮದುವೆ?"

"ಯಾರದ್ದೂ ಅಲ್ಲ."

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹೋಗು, ಊಟ ಒಳ್ಳೇದಿದ್ರೆ ನನಗೂ ಹೇಳು" ಎಂದರು. ನಲವತ್ತೇಳನೇ ವಯಸ್ಸಿನಲ್ಲಿ ನನಗೆ ಮೊದಲ ಉದ್ಯೋಗ ಸಿಕ್ಕಿದ್ದು ಹೀಗೆ.

ಕೆಲಸದ ಬಗ್ಗೆ ಮೊದಲು ಒಂದೆರಡು ಸತ್ಯ ಹೇಳಿಬಿಡುತ್ತೇನೆ. ಇದು ಕಾಯುವ ಕೆಲಸ. ಬೆಳಗ್ಗೆ ಏಳಕ್ಕೆ ವ್ಯಾನು ಬರುತ್ತದೆ, ಎಂಟೂವರೆಗೆ ಮೂಡುಬಿದಿರೆ ತಲುಪುತ್ತೀರಿ, ಹನ್ನೊಂದರ ತನಕ ನಿಮ್ಮನ್ನು ಯಾರೂ ಕೇಳುವುದಿಲ್ಲ. ಪೌಡರ್ ಹಾಕಿದ ಮುಖವನ್ನು ಒರೆಸಿಕೊಳ್ಳುವ ಹಾಗಿಲ್ಲ, ಸೀರೆ ಮುದುಡುವ ಹಾಗಿಲ್ಲ. ಆಮೇಲೆ ಮಾತು. ಹಿನ್ನೆಲೆಯಲ್ಲಿ ಕುಳಿತವರು ಮಾತಾಡುತ್ತಿರುವ ಹಾಗೆ ಕಾಣಬೇಕು, ಆದರೆ ಶಬ್ದ ಬರಬಾರದು. ಇದು ಬಹಳ ಕಷ್ಟ. ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ, ಬರೀ ತುಟಿಯಲ್ಲಿ. ತಪ್ಪು ಮಗ್ಗಿ ಹೇಳಿದರೆ ಮುಖ ಪೆಚ್ಚಾಗುತ್ತದೆ, ಆದ್ದರಿಂದ ಸರಿಯಾಗಿ ಹೇಳಬೇಕು. ಈಗ ಎಲ್ಲರ ಕೈಯಲ್ಲೂ ವಾಕಿಟಾಕಿ, ದೊಡ್ಡ ಟಿವಿಯಲ್ಲಿ ಕೂಡಲೇ ಎಲ್ಲ ನೋಡಬಹುದು. ಆಗ ಒಂದೇ ಕ್ಯಾಮೆರಾ, ಕಪ್ಪು ಬಟ್ಟೆ ಹೊದ್ದ ಸಣ್ಣ ಮಾನಿಟರ್, ಡೈರೆಕ್ಟರ್ ಆ ಬಟ್ಟೆಯೊಳಗೆ ತಲೆ ಹಾಕಿದರೆ ಹೊರಗೆ ಎಲ್ಲರ ಉಸಿರೂ ಬಿಗಿ. ನಮಗೂ ಅವರಿಗೂ ನಡುವೆ ಅಸಿಸ್ಟೆಂಟ್ ಡೈರೆಕ್ಟರ್. ಡೈರೆಕ್ಟರ ಹತ್ತಿರ ನೇರ ಮಾತಾಡುವುದು ನಮ್ಮಂಥ ಎಕ್ಸ್‌ಟ್ರಾಗಳಿಗೆ ಇಲ್ಲವೇ ಇಲ್ಲ. ಆ ಒಂದು ರೂಲ್ ಈಗಲೂ ಬದಲಾಗಿಲ್ಲ ಎಂದು ಕೇಳಿದ್ದೇನೆ.

ನಮ್ಮ ಅಸಿಸ್ಟೆಂಟ್ ಡೈರೆಕ್ಟರ್ ರಘು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು, ಬೆಂಗಳೂರಿನವನು, ಕುತ್ತಿಗೆಯಲ್ಲಿ ಒಂದು ಸೀಟಿ, ಕೈಯಲ್ಲಿ ಊದುವ ಕೊಳವೆಯಂಥ ಮೈಕು. ಕೆಟ್ಟವನಲ್ಲ. ನಿದ್ದೆ ಇಲ್ಲದವನು. ಅವನ ನಿದ್ದೆಯನ್ನು ಇನ್ನೂ ಕೆಡಿಸಿದವರು ನಾವು.

ಮೂಡುಬಿದಿರೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಬೀಡಿನ ಮನೆ, ಹಿಂದಿನ ಜೈನ ಅರಸು ಮನೆತನದ ದೊಡ್ಡ ಮನೆ, ಹಿಡಿದಿದ್ದರು. ನನ್ನ ಮೊದಲನೆಯದು, ಇಪ್ಪತ್ತು ದಿನದ ಶೂಟಿಂಗ್, ಮೋನಾಕ ಕರೆತಂದವರು ಇಪ್ಪತ್ತೆರಡು ಜನ. ಬಂಟ್ವಾಳ, ಪಾಣೆಮಂಗಳೂರಿನಿಂದ ನಾವು ವ್ಯಾನಿನಲ್ಲಿ. ಬೆಳ್ತಂಗಡಿ ಕಡೆಯವರು ವೇಣೂರು ದಾರಿಯ ಮೊದಲ ಬಸ್ಸಿನಲ್ಲಿ. ಆ ಬಸ್ಸಿನಲ್ಲಿ ಬರುತ್ತಿದ್ದವರು ಕಮಲಕ್ಕ, ನಮ್ಮಲ್ಲೆಲ್ಲ ಹಿರಿಯರು, ಎಪ್ಪತ್ತರ ಹತ್ತಿರ. ಜೀವನವಿಡೀ ಬೀಡಿ ಕಟ್ಟಿ ಬೆರಳು ಸೋತಿತ್ತು, ಬೆನ್ನು ಬಾಗಿತ್ತು. "ಇಲ್ಲಿ ನೆಟ್ಟಗೆ ಕೂತ್ರೆ ಅದೇ ಕೆಲಸ," ಎನ್ನುತ್ತಿದ್ದರು ನನ್ನ ಹತ್ತಿರ. "ಸುನಂದಮ್ಮ, ಇಂಥ ಕೆಲಸ ಉಂಟು ಅಂತ ನನಗೆ ನಲವತ್ತು ವರ್ಷ ಮೊದಲೇ ಯಾರಾದ್ರೂ ಹೇಳ್ಬಾರ್ದಿತ್ತಾ?"

ಮೊದಲ ಎಡವಟ್ಟು ಮೂರನೇ ದಿನ. ಅಂದು ಸಾವಿನ ದೃಶ್ಯ. ಬೆಳಗ್ಗೆ ಅಂಗಳದಲ್ಲಿ ಅಜ್ಜಿಯ ಪಾತ್ರದವರನ್ನು ಮಲಗಿಸಿ, ಸುತ್ತ ಹೆಂಗಸರನ್ನು ಕೂರಿಸಿದರು. ನಾವು ಚೆನ್ನಾಗಿ ಅತ್ತೆವು. ಕಮಲಕ್ಕ ಎಷ್ಟು ಚೆನ್ನಾಗಿ ಅತ್ತರೆಂದರೆ, ಸತ್ತ ಅಜ್ಜಿ ಒಂದು ಕಣ್ಣು ತೆರೆದು ನೋಡಿದರು. ಊಟಕ್ಕೆ ಬಿಟ್ಟರು. ಎರಡು ಗಂಟೆಗೆ ಅದೇ ದೃಶ್ಯ, ಇನ್ನೊಂದು ಕೋನದಿಂದ. ರಘು ಸೀಟಿ ಊದಿ ನೋಡುತ್ತಾನೆ, ಹನ್ನೊಂದು ಹೆಂಗಸರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿದೆ.

"ಏನ್ರೀ ಇದು? ಯಾರ್ ನೀರು ಹಾಕಿದ್ದು?"

"ನಾವೇ," ಎಂದರು ಕಮಲಕ್ಕ. "ಬಾವಿಕಟ್ಟೆಯಲ್ಲಿ ಮಿಂದು ಬಂದ್ವಿ."

"ಯಾಕೆ?"

"ಎಂತ ಯಾಕೆ? ಸತ್ತ ಮನೆಯಿಂದ ಎದ್ದು ಮೀಯದೆ ಊಟಕ್ಕೆ ಕೂರುವುದಾ? ನಿಮ್ಮಲ್ಲಿ ಹಾಗುಂಟಾ?"

"ಅಮ್ಮಾ, ಯಾರೂ ಸತ್ತಿಲ್ಲ! ಆ ಅಜ್ಜಿ ಅಲ್ಲಿ ಬೋಂಡಾ ತಿಂತಿದಾರೆ!"

"ಅವರು ತಿನ್ಲಿ. ನಾವು ಅತ್ತದ್ದು ಹೌದಲ್ವಾ?"

ನಾನೂ ಮಿಂದಿದ್ದೆ. ಕಾನ್ವೆಂಟು, ಎಲೊಕ್ಯೂಷನ್ ಕಪ್ಪು ಎಲ್ಲ ಇದ್ದೂ ಆ ಹೊತ್ತಿಗೆ ಕಂಟಿನ್ಯೂಯಿಟಿ, ಅಂದರೆ ಒಂದೇ ದೃಶ್ಯದಲ್ಲಿ ಬೆಳಗ್ಗೆ ಕಂಡ ಹಾಗೇ ಮಧ್ಯಾಹ್ನವೂ ಕಾಣಬೇಕು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಹನ್ನೊಂದು ತಲೆಗಳನ್ನು ಎರಡು ಟೇಬಲ್ ಫ್ಯಾನಿನ ಮುಂದೆ ಒಣಗಿಸುವಾಗ ಆ ದಿನದ ಬಿಸಿಲೇ ಹೋಯಿತು. ಸಂಜೆ ರಘು ಮೋನಾಕರನ್ನು ಕರೆದು ನಮಗೆಲ್ಲ ಕೇಳುವ ಹಾಗೆ ಹೇಳಿದ: "ಇನ್ನೊಂದ್ ಸಲ ಹೀಗಾದ್ರೆ ಬೆಂಗಳೂರಿಂದ ಜೂನಿಯರ್ ಆರ್ಟಿಸ್ಟ್ ಬಸ್ ತರಿಸ್ತೀನಿ. ನಿಮ್ಮೋರೆಲ್ಲ ಮನೆಗೆ. ಅವರು ಪ್ರೊಫೆಶನಲ್ಸು, ಹೇಳಿದ್ದು ಮಾಡ್ತಾರೆ."

ಮೋನಾಕ ವ್ಯಾನಿನಲ್ಲಿ ನಮ್ಮನ್ನು ಬೈಯಲಿಲ್ಲ. "ಇನ್ನು ಹದಿನೇಳು ದಿನ ಉಂಟು. ದಮ್ಮಯ್ಯ, ಅವರು ಹೇಳಿದ ಹಾಗೆ ಮಾಡುವ," ಎಂದರು, ಅಷ್ಟೆ. ಆ ಮಾತು ನನಗೆ ಚುಚ್ಚಿತು. ನಿಜ ಹೇಳಬೇಕೆಂದರೆ ಆ ಮೂರು ದಿನದಲ್ಲೇ ನನಗೆ ಆ ಕೆಲಸದ ರುಚಿ ಹತ್ತಿತ್ತು. ಬೆಳಗ್ಗೆ ಯಾರದ್ದೋ ವ್ಯಾನು ನನಗಾಗಿ ಹಾರ್ನ್ ಹಾಕುತ್ತದೆ ಎನ್ನುವುದು, ಅಲ್ಲಿ ಒಂದು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಟಿಕ್ ಬೀಳುತ್ತದೆ ಎನ್ನುವುದು ನನಗೆ ಹೊಸತು. ಅದು ಹೋಗಿಬಿಟ್ಟರೆ ಮತ್ತೆ ಬೆಕ್ಕಿಗೆ ಇಂಗ್ಲಿಷ್ ಹೇಳುತ್ತ ಕೂರಬೇಕು.

ಐದನೇ ದಿನ ಮದುವೆ ಊಟ. ಮನೆಯ ನಡುವಿನ ತೆರೆದ ಅಂಗಳದ ಸುತ್ತ ಜಗಲಿಯಲ್ಲಿ ಎದುರುಬದುರು ಎರಡು ಸಾಲು. ಒಂದರಲ್ಲಿ ಗಂಡಸರು, ಅದರ ತಲೆಗೆ ಮನೆಯ ಯಜಮಾನ, ಅವರ ಪಕ್ಕ ಕಿರಿಯ ಮಗ. ಮಗನೇ ಹೀರೋ. ಇನ್ನೊಂದು ಸಾಲಿನಲ್ಲಿ ನಾವು ಹೆಂಗಸರು. ಎಲೆಯಲ್ಲಿ ಅನ್ನ, ಸಾಂಬಾರು, ಪಲ್ಯ ನಿಜದ್ದು. ಪಾಯಸ ಮಾತ್ರ ಬಣ್ಣದ ನೀರು, ಮುಟ್ಟಬಾರದು. ಹಪ್ಪಳ ಮುರಿಯಬಾರದು, ಶಬ್ದ ಬರುತ್ತದೆ.

ಕಥೆ ಇಷ್ಟು: ಊಟದ ನಡುವೆ ಅಪ್ಪ ಒಂದು ಮಾತು ಹೇಳುತ್ತಾರೆ, ಮಗ ಸಿಟ್ಟಿನಿಂದ ಎದ್ದು ಹೋಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುತ್ತದೆ. ಸುತ್ತಲಿನವರು ಏನೂ ಆಗದ ಹಾಗೆ ಉಣ್ಣುತ್ತಲೇ ಇರಬೇಕು. "ಅವನ ಲೋನ್ಲಿನೆಸ್ ಕಾಣ್ಬೇಕು," ಎಂದು ರಘು ಮೈಕಿನಲ್ಲಿ ವಿವರಿಸಿದ. "ಯಾರೂ ಅವನ್ನ ನೋಡ್ಬಾರ್ದು. ತಿಂತಾ ಇರಿ. ಅಷ್ಟೇ ಕೆಲಸ. ಅರ್ಥ ಆಯ್ತಾ?"

ಆಯಿತು ಎಂದೆವು.

ಆ್ಯಕ್ಷನ್. ಅಪ್ಪ ಮಾತು ಹೇಳಿದರು. ಹೀರೋ ಎದ್ದ. ಅವನ ಹಿಂದೆಯೇ ಗಂಡಸರ ಸಾಲು ಪೂರ್ತಿ ಎದ್ದಿತು. ಅದನ್ನು ನೋಡಿ ನಾವೂ ಎದ್ದೆವು. ಎಲ್ಲರೂ ಎಂಜಲು ಕೈ ಹಿಡಿದುಕೊಂಡು, ಕೈ ತೊಳೆಯಲು ಹೊರಟ ಹಾಗೆ.

"ಕಟ್! ಕಟ್! ಕೂತ್ಕೊಳ್ರೀ! ನೀವ್ಯಾಕೆ ಎದ್ರಿ?"

ನಮಗೇ ಗೊತ್ತಿಲ್ಲ. ಕಾಲು ಎದ್ದಿತು. ಹುಟ್ಟಿದಂದಿನಿಂದ ಕಲಿತದ್ದು ಅದು. ಪಂಕ್ತಿಯಲ್ಲಿ ಕುಳಿತವರು ಒಟ್ಟಿಗೆ ಏಳಬೇಕು, ಹಿರಿಯರು ಏಳುವವರೆಗೆ ಯಾರೂ ಏಳಬಾರದು, ಮತ್ತು ಒಬ್ಬ ಎದ್ದನೆಂದರೆ ಆ ಪಂಕ್ತಿಯ ಊಟ ಮುಗಿಯಿತು. ಎದ್ದವನ ಬೆನ್ನ ಹಿಂದೆ ಕುಳಿತು ತುತ್ತು ಎತ್ತುವುದು ನಾಯಿ ಬುದ್ಧಿ ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಎರಡನೇ ಸಲ ಗಂಡಸರಲ್ಲಿ ನಾಲ್ಕು ಜನ ಅರ್ಧ ಎದ್ದು ಕುಳಿತರು. ಮೂರನೇ ಸಲ ಯಾರೂ ಏಳಲಿಲ್ಲ, ಆದರೆ ಒಂದು ಕೈಯೂ ಬಾಯಿಗೆ ಹೋಗಲಿಲ್ಲ. ಇಪ್ಪತ್ತೆರಡು ಕೈಗಳು ಎಲೆಯ ಮೇಲೆ ಕಲ್ಲಿನ ಹಾಗೆ. ನಾಲ್ಕನೇ ಸಲ ನಾನು ಹಟ ಹಿಡಿದು ಒಂದು ತುತ್ತು ಬಾಯಿಗೆ ಹಾಕಿದೆ. ಅದು ಗಂಟಲಿನಲ್ಲಿ ಸಿಕ್ಕಿ ಕೆಮ್ಮು ಬಂತು, ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ಕಿತ್ತು ಬಿಸಾಡಿದ.

ರಘು ಕಮಲಕ್ಕನ ಎಲೆಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ. "ಅಜ್ಜಿ, ತಿನ್ನೋದಕ್ಕೆ ಏನ್ ಕಷ್ಟ? ಆ್ಯಕ್ಟಿಂಗ್ ಅಜ್ಜಿ ಇದು!"

"ಮಗ, ಮನೆಯ ಕುಮಾರ ಕೋಪದಲ್ಲಿ ಎಲೆ ಬಿಟ್ಟು ಹೋಗ್ತಾ ಇದ್ದಾನೆ. ನಾನು ಸಾಂಬಾರು ಕಲಸ್ಲಾ? ಇಳಿಯುವುದಿಲ್ಲ ಮಾರಾಯ."

"ಆಯ್ತು. ನಿಮ್ ಹಣೆಬರಹ," ಎಂದು ಅವನು ಎದ್ದ. ಮೋನಾಕ ಏನೋ ಹೇಳಲು ಹೋದರು. ರಘು ಕೇಳಲಿಲ್ಲ, ಯಾರದ್ದೋ ಬೈಕು ಹತ್ತಿ ಮೂಡುಬಿದಿರೆ ಪೇಟೆಯ ಎಸ್‌ಟಿಡಿ ಬೂತಿಗೆ ಹೋದ. ಕಾಲು ಗಂಟೆಯಲ್ಲಿ ಹಿಂದಿರುಗಿ, "ಬಸ್ ಹೇಳಾಯ್ತು. ನಾಳೆ ಬೆಳಗ್ಗೆ ಇಲ್ಲಿರತ್ತೆ. ಇವತ್ತು ಇವರನ್ನ ಫ್ರೇಮಿಂದ ತೆಗೆದು ಹೀರೋ ಕ್ಲೋಸಪ್ ಮಾತ್ರ ತಗೋಳೋಣ," ಎಂದು ಡೈರೆಕ್ಟರಿಗೆ ಹೇಳಿದ.

ಕಮಲಕ್ಕ ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ, ಅಳುವ ಹೆಂಗಸಲ್ಲ ಅವರು, ಕೂಲಿಗೆ ಅತ್ತದ್ದು ಬಿಟ್ಟರೆ. "ಹೋಯ್ತಲ್ವಾ ಸುನಂದಮ್ಮ," ಎಂದರು ಮೆಲ್ಲಗೆ. "ನಾನು ಹೇಗಾದ್ರೂ ನುಂಗ್ಬೇಕಿತ್ತು."

ಅವರು ತಮ್ಮದೇ ತಪ್ಪೆಂದು ತಿಳಿದದ್ದನ್ನು ನನಗೆ ಸಹಿಸಲಾಗಲಿಲ್ಲ. ಎದ್ದು ನಿಂತೆ. ಎಂಜಲು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸೀದಾ ಕಪ್ಪು ಬಟ್ಟೆಯ ಹತ್ತಿರ ಹೋದೆ.

"ಎಕ್ಸ್‌ಕ್ಯೂಸ್ ಮೀ, ಸರ್. ದೇ ಆರ್ ನಾಟ್ ಮೇಕಿಂಗ್ ಎ ಮಿಸ್ಟೇಕ್."

ಬಟ್ಟೆಯೊಳಗಿಂದ ಡೈರೆಕ್ಟರ ತಲೆ ಹೊರಗೆ ಬಂತು. ಬಿಳಿ ಗಡ್ಡ, ದಪ್ಪ ಕನ್ನಡಕ. ಐದು ದಿನದಲ್ಲಿ ಅವರು ನಮ್ಮಲ್ಲಿ ಯಾರ ಮುಖವನ್ನೂ ನೇರವಾಗಿ ನೋಡಿರಲಿಲ್ಲ.

"ಮೇಡಂ, ನೀವು ಬ್ಯಾಕ್‌ಗ್ರೌಂಡು!" ಎಂದು ರಘು ಓಡಿ ಬಂದ. ಡೈರೆಕ್ಟರ್ ಕೈ ಎತ್ತಿ ಅವನನ್ನು ನಿಲ್ಲಿಸಿದರು. "ಹೇಳಿ."

ಇಂಗ್ಲಿಷ್ ಅಲ್ಲಿಗೇ ಮುಗಿಯಿತು, ಕನ್ನಡವೇ ಬಂತು. "ಸರ್, ಹೀಗೆ ಒಬ್ಬ ಎಲೆ ಬಿಟ್ಟು ಎದ್ದು ಹೋದರೆ ಯಾರೂ ಗಮನಿಸಲಿಲ್ಲ ಎಂದು ನೀವು ತೋರಿಸ್ತಾ ಇದ್ದೀರಿ. ನಮ್ಮಲ್ಲಿ ಒಂದು ಮನೆಯಲ್ಲಿ ಆಗಬಹುದಾದ ಅತಿ ದೊಡ್ಡ ಸಂಗತಿ ಅದು. ಇಪ್ಪತ್ತು ವರ್ಷ ಅದನ್ನು ಹೇಳ್ತಾರೆ, ಇಂಥವರ ಮದುವೆಯಲ್ಲಿ ಇಂಥವನು ಪಂಕ್ತಿಯಿಂದ ಎದ್ದ ಅಂತ. ನಾವು ತಿಂತಾ ಕೂತದ್ದನ್ನು ಟಿವಿಯಲ್ಲಿ ನೋಡಿದರೆ ಉಡುಪಿಯಿಂದ ಸುಳ್ಯದ ತನಕ ಎಲ್ಲರೂ ನಗ್ತಾರೆ. ನಿಮ್ಮನ್ನು ನೋಡಿ ಅಲ್ಲ ಸರ್. ನಮ್ಮನ್ನು ನೋಡಿ."

"ಹಾಗಾದ್ರೆ ನೀವು ಏನು ಮಾಡ್ತೀರಿ?"

"ಹೇಳ್ಲಿಕ್ಕೆ ಬರುವುದಿಲ್ಲ. ಒಂದು ಸಲ ನಮ್ಮ ಪಾಡಿಗೆ ನಮ್ಮನ್ನು ಬಿಡಿ. ಸರಿ ಬಾರದಿದ್ದರೆ ನಾವೇ ಬಸ್ಸು ಹತ್ತಿ ಹೋಗ್ತೇವೆ."

ಹೇಳಿದ ಮೇಲೆ ನನಗೆ ಹೊಳೆಯಿತು. ಇಪ್ಪತ್ತೊಂದು ಜನರನ್ನು ಕೇಳದೆ ಅವರ ಹದಿನೈದು ದಿನವನ್ನು ನಾನು ಪಣಕ್ಕಿಟ್ಟಿದ್ದೆ. ಡೈರೆಕ್ಟರ್ ಅಂಗಳದ ಬಿಸಿಲು ನೋಡಿದರು. ಅದು ಆಗಲೇ ಗಂಡಸರ ಎಲೆ ಬಿಟ್ಟು ಕಂಬ ಹತ್ತುತ್ತಿತ್ತು. "ಒಂದೇ ಟೇಕ್," ಎಂದರು.

ಎಲೆ ಬದಲಾಯಿಸಿದರು, ಹೊಸ ಅನ್ನ ಬಂತು. ನಾನು ಬಂದು ಕುಳಿತಾಗ ಕಮಲಕ್ಕ ಕೇಳಿದರು: "ಈಗ ಎಂತ ಮಾಡ್ಬೇಕಂತೆ?"

"ನಿಮಗೆ ಹೇಗೆ ಬರ್ತದೋ ಹಾಗೆ."

"ಹಾಗಾದ್ರೆ ಸುಲಭ. ನನ್ನ ಭಾವನ ಗೃಹಪ್ರವೇಶದಲ್ಲಿ ಒಬ್ಬ ಹೀಗೇ ಎದ್ದು ಹೋಗಿದ್ದ. ಅದನ್ನೇ ಮನಸ್ಸಿನಲ್ಲಿ ಎಣಿಸ್ತೇನೆ."

ಆ್ಯಕ್ಷನ್. ಅಪ್ಪನ ಮಾತು ಬಂತು. ಹೀರೋ ಎಲೆಯನ್ನು ಮುಂದಕ್ಕೆ ದೂಡಿ ಎದ್ದ. ಕೈಗಳೆಲ್ಲ ನಿಂತವು. ಬಡಿಸುತ್ತಿದ್ದವನ ಸೌಟು ಬಕೆಟ್ಟಿನ ಮೇಲೆ ನಿಂತಿತು, ಅದರಿಂದ ಸಾಂಬಾರು ತೊಟ್ಟು ತೊಟ್ಟಾಗಿ ಬೀಳುವುದು ಕೇಳುತ್ತಿತ್ತು. ನಮ್ಮಲ್ಲಿ ಒಬ್ಬರೂ ಹೀರೋವನ್ನು ನೋಡಲಿಲ್ಲ. ಹೋದವನನ್ನು ನೋಡಿ ಏನು? ಎಲ್ಲರೂ ನೋಡಿದ್ದು ಅಪ್ಪನನ್ನು. ಹಿರಿಯರು ಈಗ ಏನು ಮಾಡುತ್ತಾರೆ?

ಅಪ್ಪನ ಪಾತ್ರದವರು ಮಂಡ್ಯ ಕಡೆಯ ಹಳೆಯ ರಂಗಭೂಮಿ ನಟರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೆರಡು ಮುಖಗಳು ಒಟ್ಟಿಗೆ ತಮ್ಮ ಕಡೆ ತಿರುಗಿದಾಗ ಅವರ ಕೈಯ ತುತ್ತು ಮೇಲೆ ಅರ್ಧಕ್ಕೆ ನಿಂತಿತು. ತುತ್ತನ್ನು ಎಲೆಯಲ್ಲಿ ಮೆಲ್ಲಗೆ ಇಟ್ಟರು. ಆಮೇಲೆ ಎಲೆಯ ಮೇಲಿನ ಅರ್ಧವನ್ನು ಕೆಳಗೆ ಮಡಚಿದರು.

ಆಗ ಎಲ್ಲ ಎಲೆಗಳೂ ಮಡಚಿಕೊಂಡವು. ಮೊದಲು ಗಂಡಸರ ಸಾಲು, ಆಮೇಲೆ ನಮ್ಮದು. ಬಾಳೆ ಎಲೆ ಮಡಚುವ ಸದ್ದು ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ಅಪ್ಪ ನೆಲಕ್ಕೆ ಕೈ ಊರಿ ಎದ್ದರು. ನಾವೂ ಎದ್ದೆವು. ಕಮಲಕ್ಕ ಸೆರಗನ್ನು ತಲೆಗೆ ಎಳೆದುಕೊಂಡರು. ಹೀರೋ ಬಾಗಿಲ ದಾರಂದದಲ್ಲಿ ತಿರುಗಿ ನೋಡಿದ. ಅವನು ತಿರುಗಬೇಕೆಂದು ಸ್ಕ್ರಿಪ್ಟಿನಲ್ಲಿರಲಿಲ್ಲ. ಒಂದು ಮದುವೆ ಪೂರ್ತಿ ತನ್ನ ಹಿಂದೆ ಎದ್ದು ನಿಂತದ್ದನ್ನು ನೋಡಿ ಅವನ ಮುಖ ಬಿಳಿಚಿತು.

ಡೈರೆಕ್ಟರ್ ಕಟ್ ಎಂದದ್ದು ನಮಗೆ ಸರಿಯಾಗಿ ಕೇಳಲೂ ಇಲ್ಲ. ಏಣಿಯ ಮೇಲೆ ಲೈಟ್ ಹಿಡಿದವನು ಚಪ್ಪಾಳೆ ಹೊಡೆದ, ಲೈಟ್ ಅಲ್ಲಾಡಿತು, ಆಮೇಲೆ ಎಲ್ಲರೂ ಹೊಡೆದರು. ಡೈರೆಕ್ಟರ್ "ಓಕೆ" ಎಂದು ಹೇಳಿ ಕಾರಿನಲ್ಲಿ ಹೋಗಿಬಿಟ್ಟರು. ಬಸ್ಸಿನ ಬಗ್ಗೆ ಒಂದು ಮಾತಿಲ್ಲ. ರಘುವನ್ನು ಕೇಳಿದರೆ, "ಬಸ್ ಆಗ್ಲೇ ಹೊರಟಿದೆಯಂತೆ, ನಂಗೇನೂ ಗೊತ್ತಿಲ್ಲ," ಎಂದ. ಹಿಂದಿರುಗುವ ವ್ಯಾನಿನಲ್ಲಿ ಮೋನಾಕ ಮುಂದಿನ ಸೀಟಿನಿಂದ ತಿರುಗಿ, "ಅಮ್ಮ, ನೀವು ಇಂಗ್ಲಿಷಿನಲ್ಲಿ ಎಂತ ಬೈದದ್ದು ಅವರಿಗೆ?" ಎಂದು ಕೇಳಿದರು. ಬೈದದ್ದಲ್ಲ ಎಂದರೆ ನಂಬಲಿಲ್ಲ. "ಏನೇ ಆಗ್ಲಿ, ನಾಳೆ ಹೋಗುವ. ಬೇಡ ಅಂತ ಅವರೇ ಬಾಯಿ ಬಿಟ್ಟು ಹೇಳ್ಲಿ," ಎಂದರು.

ಹೋದೆವು. ಬೀಡಿನ ಗೇಟಿನಲ್ಲಿ ಬಸ್ಸು ನಿಂತಿತ್ತು. ಘಾಟಿ ಇಳಿಯುವಾಗ ಹೊಟ್ಟೆ ತೊಳಸಿದ ಮೂವತ್ತು ನಲವತ್ತು ಜನ ಮುಖ ತೊಳೆಯುತ್ತಿದ್ದರು. ಎಲ್ಲರೂ ನಮಗಿಂತ ಚೆನ್ನಾಗಿ ಬಟ್ಟೆ ಹಾಕಿದವರು, ನಮಗಿಂತ ಎಳೆಯ ಪ್ರಾಯದವರು. ನಾವು ಗೇಟಿನ ಹೊರಗೇ ನಿಂತೆವು. ಕಮಲಕ್ಕ ವೇಣೂರು ಬಸ್ಸಿನಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು.

ಅಂದಿನ ದೃಶ್ಯ ಕಥೆಯಲ್ಲಿ ವರ್ಷಗಳ ನಂತರದ್ದು. ಮಗ ಮರಳಿ ಬಂದಿದ್ದಾನೆ, ಮನೆಯಲ್ಲಿ ಇನ್ನೊಂದು ದೊಡ್ಡ ಊಟ. ಈ ಸಲ ನಾಲ್ಕು ಪಂಕ್ತಿಯ ಜನ ಬೇಕು. ರಘು ಮೈಕು ಹಿಡಿದು ಹೊರಗೆ ಬಂದ. ಬಸ್ಸಿನವರನ್ನು ಒಳಗೆ ಕಳಿಸಿದ. ಆಮೇಲೆ ನಮ್ಮ ಕಡೆ ನೋಡಿ, ಮೈಕನ್ನು ಬಾಯಿಂದ ಇಳಿಸಿ, "ಏನ್ ನಿಂತಿದೀರಾ? ಮುಂದಿನ ಎರಡು ಸಾಲು ನಿಮ್ದು," ಎಂದ.

ಎಲ್ಲರೂ ಕುಳಿತ ಮೇಲೆ ಅವನು ಬೆಂಗಳೂರಿನವರಿಗೆ ಸೂಚನೆ ಕೊಟ್ಟ. ಅಂಗಳವೆಲ್ಲ ಗಂಯ್ಯೆನ್ನುವ ಹಾಗೆ ಮೈಕಿನಲ್ಲೇ. "ಎಲ್ರೂ ಕೇಳಿ. ಡೈರೆಕ್ಟರ್ ಸರ್ ಆರ್ಡರ್. ಮುಂದಿನ ಸಾಲಲ್ಲಿ ಬಿಳಿ ಕೂದಲಿನ ಅಜ್ಜಿ ಕಾಣ್ತಿದಾರಲ್ಲ, ಕಮಲಮ್ಮ, ಅವರನ್ನ ನೋಡ್ಕೊಳ್ಳಿ. ಕಟ್ ಅಂದ್ರೂ ಸರಿ, ಅವರು ಏಳೋವರೆಗೂ ಒಬ್ಬರೂ ಏಳ್ಬಾರ್ದು."

ಟೇಕ್ ಮೊದಲ ಸಲಕ್ಕೇ ಸರಿಯಾಯಿತು. ಕಟ್ ಎಂದರು. ಬಸ್ಸಿನವರಿಗೆ ಕಾಲು ಹಿಡಿದಿತ್ತು, ನೆಲದಲ್ಲಿ ಅಷ್ಟು ಹೊತ್ತು ಕುಳಿತು ರೂಢಿಯಿರಲಿಲ್ಲ. ಆದರೂ ಅಷ್ಟು ಜನವೂ ಕದಲದೆ ನಮ್ಮ ಸಾಲನ್ನೇ ನೋಡುತ್ತಿದ್ದರು. ಕಮಲಕ್ಕ ಅದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ ಖಚಿತ ಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಬಡಿಸುವವನನ್ನು ಕರೆದರು.

"ಮಜ್ಜಿಗೆ ಉಂಟಾ ಮಗ? ಹಾಕು, ಇನ್ನೊಂದು ಸ್ವಲ್ಪ."